ಒಂದೂವರೆ ವರ್ಷ ಆಕ್ಸಿಜನ್ ಬ್ಲೀಚ್ ಪುಡಿ ಬಳಸಿದ ಮೇಲೆ: ರಾಗಿ ಕಲೆ ಹೋಯಿತು, ಅರಿಶಿನಕ್ಕೆ ಬಿಸಿಲೇ ಬೇಕಾಯಿತು

ಮಗಳಿಗೆ ಈಗ ಎರಡು ವರ್ಷ. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದೆವು. ಅವತ್ತಿನಿಂದ ತಿನ್ನಿಸುವುದು ಹೆಂಡತಿ, ಬಟ್ಟೆ ಒಗೆಯುವುದು ನಾನು. ದಿನಕ್ಕೆ ನಾಲ್ಕು ಬಿಬ್ಬು, ಎರಡೋ ಮೂರೋ ಜಬಲಾ. ಮೊದಲ ತಿಂಗಳು ಬರೀ ಬಾರ್ ಸೋಪು ಹಾಕಿ ಉಜ್ಜಿದೆ. ಬಿಳಿ ಬಿಬ್ಬೆಲ್ಲ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದವು. ಆಮೇಲೆ ಆಕ್ಸಿಜನ್ ಬ್ಲೀಚ್ ಪುಡಿ ತರಿಸಿದೆ. ಪ್ಯಾಕೆಟ್ ಹಿಂದೆ ಸೋಡಿಯಂ ಪರ್ಕಾರ್ಬೊನೇಟ್ ಅಂತ ಇರುತ್ತದಲ್ಲ, ಅದೇ. ಒಂದು ಕೆ.ಜಿ.ಗೆ 350 ರೂಪಾಯಿ ಆಸುಪಾಸು ಕೊಟ್ಟೆ. ಈಗ ಮೂರನೇ ಪ್ಯಾಕೆಟ್ ನಡೆಯುತ್ತಿದೆ.

ಇದು ಕ್ಲೋರಿನ್ ಬ್ಲೀಚ್ ಅಲ್ಲ, ಆ ಘಾಟು ಇದಕ್ಕಿಲ್ಲ. ನೀರಿಗೆ ಬಿದ್ದಾಗ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ. ಪೆರಾಕ್ಸೈಡ್ ಕಲೆಯ ಬಣ್ಣ ಕಳೆಯುತ್ತದೆ. ಆದರೆ ತಣ್ಣೀರಿನಲ್ಲಿ ಇದು ಏನೂ ಮಾಡುವುದಿಲ್ಲ ಅನ್ನುವಷ್ಟು ನಿಧಾನ. ಮೊದಲ ವಾರ ನಲ್ಲಿ ನೀರಿಗೇ ಹಾಕಿ, ದುಡ್ಡು ದಂಡ ಅಂತ ಬೇಜಾರು ಮಾಡಿಕೊಂಡಿದ್ದೆ. ಕೈ ಇಟ್ಟರೆ ತಡೆಯುವಷ್ಟು ಬಿಸಿ ನೀರು ಬೇಕು. ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪುಡಿ. ಚೆನ್ನಾಗಿ ಕರಗಿಸಿ, ಆಮೇಲೆ ಬಟ್ಟೆ ಮುಳುಗಿಸಬೇಕು. ಎರಡು ಗಂಟೆ ಸಾಕು, ಹಳೆ ಕಲೆಗೆ ಐದಾರು ಗಂಟೆ. ಆ ನೀರನ್ನು ನಾಳೆಗೆ ಇಟ್ಟುಕೊಳ್ಳಬೇಡಿ, ಅಷ್ಟರಲ್ಲಿ ಅದರ ಶಕ್ತಿ ಹೋಗಿರುತ್ತದೆ.

ರಾಗಿ ಕಲೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ರಾಗಿಯ ಸಿಪ್ಪೆಯಲ್ಲಿ ಒಗರಿನ ಅಂಶ ಜಾಸ್ತಿ, ಬಟ್ಟೆಗೆ ಹಿಡಿಯುವುದು ಅದೇ. ಒಣಗುವುದಕ್ಕೆ ಮುಂಚೆ ತಣ್ಣೀರಿನಲ್ಲಿ ಹಿಂಡಿ ಆಮೇಲೆ ನೆನೆಸಿದರೆ ಪೂರ್ತಿ ಹೋಗುತ್ತದೆ. ಸರಿಗೆ ಹಾಲು ಸೇರಿಸಿದ್ದರೆ ನೇರವಾಗಿ ಬಿಸಿ ನೀರಿಗೆ ಹಾಕಬೇಡಿ, ಹಾಲು ಬಟ್ಟೆಯಲ್ಲೇ ಕೂತುಬಿಡುತ್ತದೆ. ಬಾಳೆಹಣ್ಣಿಂದು ಇನ್ನೊಂದು ಕಥೆ. ತಿಂದಾಗ ಏನೂ ಕಾಣುವುದಿಲ್ಲ. ಸುಮ್ನೆ ಒರೆಸಿ ಇಟ್ಟ ಬಿಬ್ಬು ಮಾರನೇ ದಿನ ನೋಡಿದರೆ ಕತ್ತಿನ ಹತ್ತಿರ ಕಂದು ಚುಕ್ಕೆಗಳು. ಹಣ್ಣು ಗಾಳಿಗೆ ಕಪ್ಪಾಗುತ್ತದಲ್ವಾ, ಬಟ್ಟೆಯ ಮೇಲೂ ಹಾಗೇ. ಹಾಗಾಗಿ ಬಾಳೆಹಣ್ಣು ತಿಂದ ಬಿಬ್ಬು ಕಲೆ ಕಾಣದಿದ್ದರೂ ನಮ್ಮನೆಯಲ್ಲಿ ನೀರಿಗೆ ಹೋಗುತ್ತದೆ.

ಅರಿಶಿನದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಂಟನೇ ತಿಂಗಳಿಗೆ ಅನ್ನ, ಬೇಳೆಕಟ್ಟು, ತುಪ್ಪ ಶುರುವಾಯಿತು. ಮೊದಲ ದಿನವೇ ಆನೆ ಚಿತ್ರದ ಬಿಳಿ ಬಿಬ್ಬಿನ ಮೇಲೆ ಒಂದು ತುತ್ತು ಪೂರ್ತಿ ಬಿತ್ತು. ಸೋಪು ಉಜ್ಜಿದೆ. ಹಳದಿ ಕಲೆ ಕಣ್ಣೆದುರೇ ಇಟ್ಟಿಗೆ ಕೆಂಪಾಯಿತು. ಬಟ್ಟೆ ಹಾಳಾಯಿತು ಅಂದುಕೊಂಡೆ. ಅತ್ತೆ ನೋಡಿ, "ಆರತಿ ನೀರು ಮಾಡಲ್ವಾ, ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಅದೇ ಇದು. ಜಾಲಿಸಿ ಬಿಸಿಲಿಗೆ ಹಾಕಿ" ಅಂದರು. ಸೋಪಿನಲ್ಲೂ ಸುಣ್ಣದಂತೆ ಕ್ಷಾರ ಇರುತ್ತದೆ. ಜಾಲಿಸಿದ ಮೇಲೆ ಕಲೆ ಮತ್ತೆ ಹಳದಿಗೆ ತಿರುಗಿತು. ಒದ್ದೆ ಬಿಬ್ಬನ್ನೇ ತಾರಸಿ ಮೇಲೆ ಕಲೆ ಮೇಲೆ ಮಾಡಿ ಹಾಸಿದೆ. ಬೆಳಿಗ್ಗೆ ಹತ್ತಕ್ಕೆ ಹಾಕಿದ್ದು. ಮಧ್ಯಾಹ್ನ ಮೂರಕ್ಕೆ ನೋಡಿದಾಗ ಆನೆಯ ಸೊಂಡಿಲ ಹತ್ತಿರ ನಿಂಬೆ ಬಣ್ಣದ ನೆರಳಷ್ಟೇ ಇತ್ತು. ಎರಡನೇ ದಿನಕ್ಕೆ ಅದೂ ಇಲ್ಲ.

ಬ್ಲೀಚ್ ಪುಡಿ ಅರಿಶಿನದ ಕಲೆಯನ್ನು ತೆಳು ಮಾಡುತ್ತದೆ, ಪೂರ್ತಿ ತೆಗೆಯುವುದು ಬಿಸಿಲು. ಜೊತೆಗೆ ತುಪ್ಪ ಇದ್ದರೆ ಪುಡಿಯೊಂದೇ ಸಾಲುವುದಿಲ್ಲ. ಅರಿಶಿನದ ಬಣ್ಣ ಜಿಡ್ಡಿನಲ್ಲಿ ಕರಗಿ ಕೂತಿರುತ್ತದೆ. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಲ್ಲೇ ಉಜ್ಜಿ ಜಿಡ್ಡು ತೆಗೆಯಬೇಕು. ಆಮೇಲೆ ನೆನೆಸುವುದು, ಆಮೇಲೆ ಬಿಸಿಲು. ಕ್ಯಾರೆಟ್ ಕಲೆಗೂ ಇದೇ ದಾರಿ.

ನಾವಿರುವುದು ಶಿವಮೊಗ್ಗದಲ್ಲಿ. ಮಳೆಗಾಲದಲ್ಲಿ ಒಂದು ತಿಂಗಳು ತೀರ್ಥಹಳ್ಳಿ ಹತ್ತಿರ ಮಾವನ ಮನೆಯಲ್ಲಿದ್ದೆವು. ಅಲ್ಲಿ ಬಿಸಿಲು ಅನ್ನುವುದೇ ಇಲ್ಲ. ಆದರೆ ಬಚ್ಚಲ ಒಲೆ ಮೇಲೆ ಹಂಡೆ ತುಂಬ ಬಿಸಿ ನೀರು ಯಾವಾಗಲೂ ಸಿದ್ಧ. ರಾಗಿ, ಹಣ್ಣಿನ ಕಲೆಗಳಿಗೆ ಪುಡಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅಲ್ಲೇ. ಅರಿಶಿನದ ಬಿಬ್ಬುಗಳನ್ನು ಮಾತ್ರ ಒಗೆದು ಒಣಗಿಸಿ ಒಂದು ಚೀಲದಲ್ಲಿ ಎತ್ತಿಟ್ಟೆ. ಊರಿಗೆ ಬಂದು ಬಿಸಿಲು ಕಂಡ ದಿನ ಎಲ್ಲವನ್ನೂ ಒದ್ದೆ ಮಾಡಿ ಹಾಸಿದೆ. ತಿಂಗಳ ಹಿಂದಿನ ಕಲೆಯೂ ಮೂರು ದಿನಕ್ಕೆ ಹೋಯಿತು. ಮಳೆಗಾಲದಲ್ಲಿ ಕಲೆ ಉಳಿಯಿತು ಅಂತ ಬಟ್ಟೆ ಎಸೆಯಬೇಡಿ, ದಯವಿಟ್ಟು.

ಪುಡಿ ಪೂರ್ತಿ ಸೋತಿದ್ದು ಕಬ್ಬಿಣದ ಸಿರಪ್ ಮುಂದೆ. ಆರು ತಿಂಗಳು ಆದ ಮಕ್ಕಳಿಗೆ ಆಶಾ ಕಾರ್ಯಕರ್ತೆಯರು ಕೊಡುತ್ತಾರಲ್ಲ, ವಾರಕ್ಕೆ ಎರಡು ಸಲ 1 ಮಿ.ಲೀ. ಹಾಕುವುದು, ಅದು. ಮಗಳು ಉಗಿದಾಗ ಬಿದ್ದ ಹನಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ರಾಗಿ ಮೆತ್ತಿದ ಬಿಬ್ಬಿನ ಮೇಲೆ ಬಿದ್ದರೆ ಶಾಯಿಯ ಹಾಗೆ ಕಪ್ಪು. ಇದನ್ನು ಪುಡಿ ನೀರಿಗೆ ಹಾಕಲೇಬೇಡಿ. ಕಬ್ಬಿಣ ಇದ್ದ ಜಾಗದಲ್ಲಿ ಪೆರಾಕ್ಸೈಡ್ ಜೋರಾಗಿ ಒಡೆದು ನೂಲನ್ನೇ ತಿನ್ನುತ್ತದೆ. ನನ್ನ ಒಂದು ಬಿಬ್ಬಿಗೆ ಸೂಜಿಮೊನೆಯಷ್ಟು ತೂತು ಬಿದ್ದಿದೆ. ನಿಂಬೆರಸ, ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು ತೊಳೆದರೆ ಕಲೆ ಬಿಡುತ್ತದೆ. ಈಗ ಸಿರಪ್ ಹಾಕುವ ಹೊತ್ತಿಗೆ ಹಳೆಯ ಕಡುನೀಲಿ ಬಿಬ್ಬು ಕಟ್ಟುತ್ತೇವೆ.

ಇನ್ನೊಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಬೇಕಾದಾಗ ಕಲೆಗೆ ಚಿಮುಕಿಸೋಣ ಅಂತ ಪುಡಿಯನ್ನು ನೀರಲ್ಲಿ ಕಲಸಿ ಸ್ಪ್ರೇ ಬಾಟಲಿಗೆ ತುಂಬಿ ಮುಚ್ಚಿಟ್ಟೆ. ರಾತ್ರಿ ಬಾಟಲಿ ಉಬ್ಬಿ ಮುಚ್ಚಳ ಹಾರಿತು. ಆಕ್ಸಿಜನ್ ಬಿಡುತ್ತಲೇ ಇರುತ್ತದೆ, ಹೋಗುವುದಕ್ಕೆ ದಾರಿ ಬೇಕಲ್ಲ. ಮಗು ಹತ್ತಿರ ಇರಲಿಲ್ಲ, ಅದೇ ಪುಣ್ಯ. ಕಣ್ಣಿಗೆ ಬಿದ್ದರೆ ಅಪಾಯ. ಅವತ್ತಿನಿಂದ ಡಬ್ಬಿ ಅಟ್ಟದ ಮೇಲಿದೆ, ನೆನೆಸುವ ಬಕೆಟ್ ಇರುವಷ್ಟು ಹೊತ್ತು ಬಚ್ಚಲ ಬಾಗಿಲಿಗೆ ಚಿಲಕ.

ರೇಷ್ಮೆ, ಉಣ್ಣೆಗೆ ಇದು ಆಗದು. ಅನ್ನಪ್ರಾಶನದ ರೇಷ್ಮೆ ಲಂಗಕ್ಕೆ ಪಾಯಸ ಚೆಲ್ಲಿದಾಗ ತಣ್ಣೀರು, ಸ್ವಲ್ಪ ಶಾಂಪೂ ಅಷ್ಟೇ ಬಳಸಿದೆ. ಬಣ್ಣ ಬಿಡುವ ಬಟ್ಟೆಯಾದರೆ ಒಳಗಿನ ಮಡಿಕೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಮತ್ತೆ ಜಾಲಿಸುವುದರಲ್ಲಿ ಅವಸರ ಬೇಡ. ಒಂದು ಸಲ ಅವಸರದಲ್ಲಿ ಒಂದೇ ನೀರಲ್ಲಿ ಜಾಲಿಸಿದ್ದೆ, ಮಗಳ ಕತ್ತಿನ ಸುತ್ತ ಕೆಂಪಾಯಿತು. ಈಗ ಮೂರು ನೀರು. ಬಟ್ಟೆ ಕೈಗೆ ಜಾರುತ್ತಿದ್ದರೆ ಸೋಡಾ ಇನ್ನೂ ಉಳಿದಿದೆ ಅಂತ ಅರ್ಥ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಆನೆ ಬಿಬ್ಬು ಇನ್ನೂ ಇದೆ. ಅಂಚು ಸವೆದಿದೆ, ಬಟ್ಟೆ ಬೆಳ್ಳಗಿದೆ. ಮುಂದಿನ ತಿಂಗಳು ತಂಗಿಗೆ ಹೆರಿಗೆ, ಅವಳ ಮಗುವಿಗೆ ಕೊಡಲು ಒಗೆದು ಮಡಿಸಿಟ್ಟಿದ್ದೇನೆ.