ರಬ್ಬರ್ ಕಪ್ಪೆಯೋ, ತಿರುಗೋ ತಗಡೋ, ಜೀವಂತ ಜಿಲೇಬಿಯೋ? ಕೊರವ ಮೀನು ಹಿಡಿಯೋಕೆ ಹೋಗಿ ಕಲಿತದ್ದು

ಊರು ಪಾಂಡವಪುರ ತಾಲ್ಲೂಕು, ಕೆಲಸ ಮೈಸೂರಲ್ಲಿ. ಈ ಸಲ ಫೆಬ್ರವರಿಯಿಂದ ಮೇ ಕೊನೆವರೆಗೆ 13 ಭಾನುವಾರ ಬೆಳಗ್ಗೆ ಆರಕ್ಕೆಲ್ಲಾ ನಮ್ಮೂರ ಕೆರೆ ಏರಿ ಮೇಲೆ ನಿಂತಿದ್ದೆ. ಕೈಯಲ್ಲಿ ಎರಡು ರೀಲು, ಎರಡು ಬಗೆ ದಾರ, ಡಬ್ಬಿ ತುಂಬ ಆಮಿಷ. ಪಕ್ಕದಲ್ಲಿ ನಮ್ಮ ಸೋದರಮಾವ, ಅವರ ಕೈಯಲ್ಲಿ ಒಂದು ಬಿದಿರುಕೋಲು, ಬಾಯಲ್ಲಿ ಎಲೆಅಡಿಕೆ.

ಹುಚ್ಚು ಹಿಡಿಸಿದ್ದು ಅಮೆರಿಕದವರ ಬಾಸ್ ಮೀನಿನ ವಿಡಿಯೋಗಳು. ಆ ಬಾಸ್ ನಮ್ಮ ಕೆರೆಗಳಲ್ಲಿಲ್ಲ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡು 4 ಔನ್ಸಿನ ಬಾಸೇ ಅಲ್ಲಿನವರಿಗೆ ದೇವರು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕೆ ಸರಿಸಮ ಅಂತ ದಾಖಲಾಯಿತು. ಲೆಕ್ಕ ಹಾಕಿದರೆ 10 ಕೆ.ಜಿ. ಮಾವನಿಗೆ ಹೇಳಿದೆ. "ಅಷ್ಟೇಯಾ?" ಅಂದರು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಆ ಕಥೆ ಕೇಳಿ ಬೆಳೆದವರಿಗೆ ಬಾಸ್ ಯಾವ ಲೆಕ್ಕ. ಆದರೆ ಕಾವೇರಿಯ ಆ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ, ಅದರ ತಂಟೆಗೆ ಹೋಗಬಾರದು. ಬಾಸ್ ಥರಾನೇ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಮೇಲೆರಗೋ ಮೀನು ನಮ್ಮಲ್ಲಿ ಅಂದರೆ ಕೊರವ. ಸಾಮಾನು ಮಾರೋ ಅಂಗಡಿಯಲ್ಲಿ ಮುರ್ರೆಲ್ ಅಂತಾರೆ. ಬಾಸ್‌ಗೆ ಅಂತ ಮಾಡಿದ ಸಾಮಾನಿನಲ್ಲಿ ಯಾವುದು ಕೊರವಕ್ಕೆ ಆಗುತ್ತೆ, ಯಾವುದು ಆಗಲ್ಲ ಅನ್ನೋದೇ ನನ್ನ ಪರೀಕ್ಷೆ.

ಮೊದಲು ರಬ್ಬರ್ ಕಪ್ಪೆ. ಹೊಟ್ಟೆ ಟೊಳ್ಳು, ಎರಡು ಮುಳ್ಳಿನ ಗಾಳ ಬೆನ್ನಿಗೆ ಅಂಟಿಕೊಂಡಿರುತ್ತೆ. ತಾವರೆ ಎಲೆ, ಅಂತರಗಂಗೆ, ಪಾಚಿ ಯಾವುದರ ಮೇಲೆ ಎಳೆದರೂ ಸಿಕ್ಕಿಕೊಳ್ಳಲ್ಲ. ಮೀನು ಕಚ್ಚಿದಾಗ ರಬ್ಬರ್ ಒಳಕ್ಕೆ ಅಮುಕಿ ಮುಳ್ಳು ಹೊರಗೆ ಬರುತ್ತೆ. ಮೊದಲ ಮೂರು ಭಾನುವಾರ ಏಳು ಸಲ ಕಚ್ಚಿತು, ಒಂದೂ ದಡಕ್ಕೆ ಬರಲಿಲ್ಲ. ನಾಲ್ಕನೇ ವಾರ ಮಾವ ನೋಡಿ ನೋಡಿ ಸಾಕಾಗಿ ಬಾಯಿಬಿಟ್ಟರು: "ಬಸ್ ಬಂದ ತಕ್ಷಣ ಹತ್ಬೇಡ ಕಣ್ಲಾ, ಇಳಿಯೋರು ಇಳೀಲಿ." ವಿಷಯ ಅದೇ. ನೀರು ಧಡ್ ಅಂತ ಚಿಮ್ಮಿದ ಕೂಡಲೇ ನಾನು ಕೋಲು ಎತ್ತುತ್ತಿದ್ದೆ. ಬಾಸ್ ನೀರಿನ ಸಮೇತ ಒಳಕ್ಕೆ ಎಳೆದುಕೊಳ್ಳುತ್ತೆ. ಕೊರವಕ್ಕೆ ಹಲ್ಲಿದೆ, ಮೊದಲು ಕಚ್ಚಿ ಹಿಡಿದು ಆಮೇಲೆ ಒಳಗೆ ತಳ್ಳುತ್ತೆ. ಕಪ್ಪೆ ಕಣ್ಮರೆಯಾಗಬೇಕು, ದಾರದಲ್ಲಿ ಭಾರ ಗೊತ್ತಾಗಬೇಕು, ಆಮೇಲೆ ಜೋರಾಗಿ ಒಂದೇ ಎಳೆತ.

ಕಪ್ಪೆಗೆ ಇನ್ನೆರಡು ರಿಪೇರಿ ಮಾಡಿಕೊಂಡೆ. ಹಿಂದೆ ಜೋತಾಡೋ ರಬ್ಬರ್ ಕಾಲನ್ನ ಒಂದು ಇಂಚು ಕತ್ತರಿಸಿದೆ, ಮೀನು ಬರೀ ಕಾಲು ಕಚ್ಚಿ ಬಿಡೋದು ತಪ್ಪಿತು. ಮುಳ್ಳಿನ ತುದಿಯನ್ನ ಇಕ್ಕಳದಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿದೆ. ಹತ್ತು ಹದಿನೈದು ಸಲ ಎಸೆದ ಮೇಲೆ ಹೊಟ್ಟೆಗೆ ನೀರು ತುಂಬಿ ಕಪ್ಪೆ ಮುಳುಗೋಕೆ ಶುರುವಾಗುತ್ತೆ. ಹಿಂಡಿದರೆ ಹಿಂದಿನ ತೂತಿಂದ ಪಿಚಕಾರಿ ಥರ ಹಾರುತ್ತೆ. ಮುಖಕ್ಕೆ ಹಿಡಿದು ಹಿಂಡಬೇಡಿ, ಕೆರೆ ನೀರಿನ ರುಚಿ ನಾನು ನೋಡಿದ್ದೀನಿ.

ಎಲ್ಲಿ ಎಸೀಬೇಕು ಅನ್ನೋದನ್ನ ಕೊರವವೇ ತೋರಿಸುತ್ತೆ. ಅದಕ್ಕೆ ಕಿವಿರು ಒಂದೇ ಸಾಲದು, ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಬೆಳಗಿನ ತಣ್ಣನೆ ನೀರಲ್ಲಿ ಎಲೆಗಳ ನಡುವೆ ಒಂದು ಗುಳ್ಳೆ, ಗುಳುಕ್ ಅನ್ನೋ ಸದ್ದು. ಅದರ ಮೇಲೇ ಎಸೆದರೆ ಮೀನು ಬೆದರುತ್ತೆ. ಹತ್ತು ಅಡಿ ಆಚೆ ಎಸೆದು, ಎಲೆ ಮೇಲೆ ಹತ್ತಿಸಿ, ಒಂದು ಗಳಿಗೆ ನಿಲ್ಲಿಸಿ, ನೀರಿಗೆ ಜಾರಿಸಬೇಕು. ನನಗೆ ಸಿಕ್ಕಿದ ದೊಡ್ಡದು, ಎರಡೂ ಕಾಲು ಕೆ.ಜಿ., ಹೀಗೆ ಜಾರಿದ ಕ್ಷಣಕ್ಕೇ ಬಂದದ್ದು.

ಎರಡನೆಯದು ಸ್ಪಿನ್ನರ್‌ಬೇಟ್. ಸೀಸದ ತಲೆ, ರಬ್ಬರ್ ಕುಚ್ಚು, ಮೇಲೆ ತಂತಿಗೆ ಸಿಗಿಸಿದ ತಿರುಗೋ ತಗಡು. ಎಲೆ ಇರೋ ಕಡೆ ಇದು ದಂಡ, ಎಸೆದ ಪ್ರತಿ ಸಲ ಮೊಳದುದ್ದ ಪಾಚಿ ಹೊತ್ತು ತರುತ್ತೆ. ಹಾಗಂತ ಮನೆಯಲ್ಲಿ ಬಿಟ್ಟು ಬಂದ ವಾರವೇ ನಾಲೆಗೆ ನೀರು ಬಿಟ್ಟಿದ್ದರು, ಕೆರೆ ಚಹಾ ಬಣ್ಣಕ್ಕೆ ತಿರುಗಿತ್ತು, ಕಪ್ಪೆಯನ್ನ ಒಂದು ಮೀನೂ ಮೂಸಿ ನೋಡಲಿಲ್ಲ. ಮುಂದಿನ ವಾರ ತೂಬಿನ ಹತ್ತಿರ ತೆರೆದ ನೀರಲ್ಲಿ ಅದೇ ತಗಡಿಗೆ ಮೂರು ಬಿದ್ದವು. ಕದಡಿದ ನೀರಲ್ಲಿ ಮೀನು ಕಣ್ಣಿಗಿಂತ ಹೆಚ್ಚಾಗಿ ಮೈ ಪಕ್ಕದ ಗೆರೆಯಿಂದ ನೀರಿನ ಅಲುಗಾಟ ಹಿಡಿಯುತ್ತೆ, ತಗಡಿನ ಅದುರಾಟ ಅದಕ್ಕೆ ಸಿಗುತ್ತೆ. ಹಾಗಾಗಿ ಡಬ್ಬಿಯಲ್ಲಿ ಒಂದೇ ಒಂದು ಇರಲಿ, ಸಾಕು.

ಮೂರನೆಯದು ಮಾವನ ವಿಧಾನ: ಬೆರಳುದ್ದದ ಜಿಲೇಬಿ ಮೀನಿನ (ತಿಲಾಪಿಯಾ) ಮರಿಯನ್ನ ಬೆನ್ನಿಗೆ ಚುಚ್ಚಿ, ಬೆಂಡು ಕಟ್ಟಿ, ಜೊಂಡಿನ ಬುಡದಲ್ಲಿ ಬಿಡೋದು. ಸುಳ್ಳು ಹೇಳಲ್ಲ, ಲೆಕ್ಕದಲ್ಲಿ ಮಾವನೇ ಮುಂದೆ. ನನ್ನ ಕಪ್ಪೆಗೆ 9, ತಗಡಿಗೆ 4, ಮಾವನ ಜಿಲೇಬಿಗೆ 17. ಖರ್ಚಿನಲ್ಲೂ ಅವರದೇ ಕಡಿಮೆ. ಆದರೂ ನಾನು ಅದಕ್ಕೆ ಹೋಗದಿರೋದಕ್ಕೆ ಕಾರಣ ಇದೆ. ಜೀವಂತ ಮೀನನ್ನ ಕೊರವ ಪೂರ್ತಿ ನುಂಗಿಬಿಡುತ್ತೆ, ಗಾಳ ಹೊಟ್ಟೆಯಲ್ಲಿರುತ್ತೆ. ಕಾಲು ಕೆ.ಜಿ.ಯ ಮರಿ ಬಂದರೂ ವಾಪಸ್ ಬಿಟ್ಟರೆ ಬದುಕಲ್ಲ. ಕಪ್ಪೆಗೆ ಬಿದ್ದದ್ದರ ಗಾಳ ತುಟಿಯಲ್ಲೇ ಇರುತ್ತೆ, ಇಕ್ಕಳದಲ್ಲಿ ತಿರುಗಿಸಿದರೆ ಬಂತು. ನಾನು ಆರು ಮೀನು ವಾಪಸ್ ಬಿಟ್ಟೆ. "ಸಾರಿಗೆ ಏನ್ಲಾ ಮಾಡ್ತೀಯ?" ಅಂತ ಮಾವ ಕೇಳಿದ್ದಕ್ಕೆ ಉತ್ತರ ಇರಲಿಲ್ಲ, ಅವತ್ತು ಅವರ ಮನೆಯಲ್ಲೇ ಊಟ ಮಾಡಿದೆ.

ಇಷ್ಟೆಲ್ಲಾ ಆದ ಮೇಲೆ ಹೇಳ್ತೀನಿ, ಆಮಿಷಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ದಾರದಲ್ಲಿ. ಶುರುವಿಗೆ ಹಾಕಿದ್ದು ಮಾಮೂಲಿ ತಂಗೂಸಿ, ಅಂದರೆ ಒಂಟಿ ಎಳೆ ನೈಲಾನ್ ದಾರ. ಅದು ಎಳೆದರೆ ಹಿಗ್ಗುತ್ತೆ. 25 ಗಜ ಆಚೆ ಮೀನು ಕಚ್ಚಿದಾಗ ನಾನು ಕೊಟ್ಟ ಎಳೆತವನ್ನೆಲ್ಲ ದಾರವೇ ನುಂಗಿ ಹಾಕುತ್ತಿತ್ತು, ಗಟ್ಟಿ ದವಡೆಗೆ ಮುಳ್ಳು ಇಳಿಯುತ್ತಲೇ ಇರಲಿಲ್ಲ. 40 ಪೌಂಡು ಭಾರ ತಾಳೋ ಹೆಣೆದ ದಾರಕ್ಕೆ, ಅಂದರೆ ಬ್ರೇಡ್‌ಗೆ, ಬದಲಾಯಿಸಿದೆ. ಅದು ಹಿಗ್ಗಲ್ಲ, ಜೊಂಡಿನ ದಂಟನ್ನ ಗರಗಸದ ಥರ ಕೊಯ್ದುಕೊಂಡು ಬರುತ್ತೆ. ಬೆರಳನ್ನೂ ಕೊಯ್ಯುತ್ತೆ: ಸಿಕ್ಕಿಕೊಂಡಾಗ ಬರಿಗೈಗೆ ಸುತ್ತಿ ಎಳೆದು ತೋರುಬೆರಳಿಗೆ ಗಾಯ ಮಾಡಿಕೊಂಡೆ. ಕೋಲಿಗೋ ಟವೆಲ್ಲಿಗೋ ಸುತ್ತಿ ಎಳೀರಿ. ತಂಗೂಸಿಗೆ ಹಾಕೋ ಗಂಟು ಬ್ರೇಡ್‌ನಲ್ಲಿ ಜಾರುತ್ತೆ. ದಾರ ಜೋಡಿ ಮಾಡಿ ಹಾಕೋ ಪಾಲೋಮಾರ್ ಗಂಟು ಕಲಿತುಕೊಳ್ಳಿ, ಬಿಗಿಯೋ ಮುಂಚೆ ಎಂಜಲಲ್ಲಿ ಒದ್ದೆ ಮಾಡಿ. ಹಣ ಕಡಿಮೆ ಇದ್ದರೆ ಅಗ್ಗದ ರೀಲು ತಗೊಳ್ಳಿ, ಅಗ್ಗದ ದಾರ ಬೇಡ.

ರೀಲಿನ ವಿಚಾರ ಬೇಗ ಮುಗಿಸ್ತೀನಿ. ವಿಡಿಯೋದವರೆಲ್ಲಾ ಬೇಟ್‌ಕಾಸ್ಟರ್ ಅಂತಾರೆ. ಎಸೆಯುವಾಗ ತಿರುಗೋ ಉರುಳೆಯನ್ನ ಹೆಬ್ಬೆರಳಲ್ಲಿ ತಡೀಬೇಕು, ತಪ್ಪಿದರೆ ದಾರ ಗುಬ್ಬಚ್ಚಿ ಗೂಡು. ಎದುರು ಗಾಳಿಯಲ್ಲಿ ಮೊದಲ ದಿನ ಹೊಂಗೆ ಮರದ ಕೆಳಗೆ 40 ನಿಮಿಷ ಸಿಕ್ಕು ಬಿಡಿಸ್ತಾ ಕೂತಿದ್ದೆ, ಅಷ್ಟರಲ್ಲಿ ಮಾವ ಎರಡು ಎತ್ತಿದ್ದರು. ಎಲೆ ಸಮೇತ ಮೀನನ್ನ ಎಳೆದು ತರೋ ಬಲ ಅದಕ್ಕಿದೆ ಅನ್ನೋದು ನಿಜ. ಆದರೂ ಮೊದಲ ವರ್ಷ 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲು (ಎಸೆಯುವಾಗ ಇದರ ಉರುಳೆ ತಿರುಗಲ್ಲ, ದಾರ ತಾನೇ ಬಿಚ್ಚಿಕೊಳ್ಳುತ್ತೆ), ಏಳಡಿಯ ಗಡಸು ಕೋಲು ಇದ್ದರೆ ಕೆಲಸ ನಡೆಯುತ್ತೆ.

ಇನ್ನು ದಡವೋ ತೆಪ್ಪವೋ? ಬಾಸ್‌ನವರ ಮೋಟಾರು ದೋಣಿ ನೋಡಿ ಆಸೆಯಾಗಿ, ಮೀನುಗಾರರೊಬ್ಬರ ತೆಪ್ಪದಲ್ಲಿ ಎರಡು ಬೆಳಗ್ಗೆ ಕೂತೆ. ತೆಪ್ಪ ದುಂಡಗಿರುತ್ತಲ್ಲ, ನೀವು ಬಲಕ್ಕೆ ಎಸೆದರೆ ಅದು ಎಡಕ್ಕೆ ತಿರುಗುತ್ತೆ. ಮೀನು ಬಿದ್ದರೆ ತೆಪ್ಪವೇ ಮೀನಿನ ಕಡೆ ಹೊರಡುತ್ತೆ, ಎಳೆತಕ್ಕೆ ಬಲವೇ ಸಿಗಲ್ಲ. ಎದ್ದು ನಿಲ್ಲೋ ಯೋಚನೆ ಬಿಡಿ. ಹುಟ್ಟು ಹಾಕೋಕೆ ಒಬ್ಬರು ಬೇರೆಯೇ ಬೇಕು. ಎರಡೂ ಕಡೆ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟ ಮೇಲೆ ಸ್ವಲ್ಪ ನಿಂತಿತು, ದಡದಿಂದ ಎಟುಕದ ಜೊಂಡಿನ ಆಚೆ ಒಂದು ಮೀನೂ ಸಿಕ್ಕಿತು. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಕೆ.ಆರ್.ಎಸ್. ಹಿನ್ನೀರಿನಲ್ಲಂತೂ ಗಾಳಿ ಎದ್ದರೆ ತೆಪ್ಪ ನಿಮ್ಮ ಮಾತು ಕೇಳಲ್ಲ. ನನ್ನ ಓಟು ದಡಕ್ಕೇ.

ದಡ ಅಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ದಡ ಅಲ್ಲ. ಕಾಲು ಜಾರಿದರೆ ಆ ಇಳಿಜಾರು ಕಾಂಕ್ರೀಟಿನಲ್ಲಿ ಹಿಡಿಯೋಕೆ ಏನೂ ಇಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸೇ ಬಿದ್ದು 30 ಜನ ಹೋದ ನಾಲೆ ಅದು. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಆ ಕಡೆ ಗಾಳ ತಗೊಂಡೇ ಹೋಗಬೇಡಿ. ಊರ ಕೆರೆಗಳಲ್ಲೂ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರದೋ ಮೀನುಗಾರರ ಸಂಘದ್ದೋ ಆಗಿರುತ್ತೆ, ಮೊದಲು ಕೇಳಿ. ನಾನು ಕೇಳಿದಾಗ ರಬ್ಬರ್ ಕಪ್ಪೆ ನೋಡಿ ನಕ್ಕು, "ಹೋಗಿ ಸಾ, ಹೋಗಿ" ಅಂದರು.

ಮೇ ಕೊನೇ ಭಾನುವಾರ, ಒಂದೆರಡು ಮಳೆ ಬಿದ್ದ ಮೇಲೆ, ಕೋಡಿ ಪಕ್ಕ ನೀರ ಮೇಲೆ ಕೆಂಪಗೆ ಒಂದು ಹಿಡಿಯಷ್ಟು ಏನೋ ಕುದಿಯೋ ಥರ ಕಂಡಿತು. ಕೊರವದ ಮರಿಗಳು. ಕೆಳಗೆ ತಾಯಿತಂದೆ ಕಾವಲಿರುತ್ತವೆ, ಏನು ಎಸೆದರೂ ಸಿಟ್ಟಿಗೆ ಕಚ್ಚುತ್ತವೆ, ಅವು ಹೋದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ನಾನು ಕೋಲು ಎತ್ತೋಕೆ ಮೊದಲೇ ಮಾವ ತಮ್ಮ ದಾರ ಸುತ್ತಿಕೊಂಡಿದ್ದರು. "ನಡಿ, ಇನ್ನು ದಸರಾ ಕಳೀಲಿ," ಅಂದರು.