"ರೆಡಿ ಟ್ಯಾಂಕ್" ಎಂದರೆ ನಂಬಬೇಡಿ: ಆಕ್ಸೊಲಾಟಲ್ ತರುವ ಮುಂಚೆ ಇದನ್ನು ಓದಿ

ಇದು ನಡೆದು ಮೂರು ತಿಂಗಳಾಯಿತು. ಬರೆಯಲೋ ಬೇಡವೋ ಎಂದು ಇಷ್ಟು ದಿನ ಸುಮ್ನೆ ಇದ್ದೆ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಒಂದು ಬಕೆಟ್ ಕೊಳ್ಳುವಾಗಲೂ ಹತ್ತು ಸಲ ತಿರುಗಿಸಿ ನೋಡುವವಳು ನಾನು. ಒಂದು ಜೀವ ತರುವಾಗ ಮಾತ್ರ ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ನಿನ್ನೆ ಪರಿಚಯದವರೊಬ್ಬರು ಫೋನ್ ಮಾಡಿ, "ಮಗನಿಗೆ ಆಕ್ಸೊಲಾಟಲ್ ಬೇಕಂತೆ, ರೆಡಿ ಟ್ಯಾಂಕ್ ಸಿಗುತ್ತಂತೆ" ಎಂದರು. ಆ ಎರಡು ಪದ ಕೇಳಿದ್ದೇ ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳಿಗೆ ಹತ್ತು ವರ್ಷ. ಒಂದು ವರ್ಷದಿಂದ ಆಕ್ಸೊಲಾಟಲ್ ಹುಚ್ಚು. ನೀರಲ್ಲೇ ಬದುಕುವ, ಹಲ್ಲಿಯಂಥ ಆಕಾರದ ಉಭಯಚರ ಅದು. ನಗುವ ಮುಖ, ತಲೆಯ ಎರಡೂ ಬದಿಗೆ ಗರಿಯಂಥ ಕೆಂಪು ಕಿವಿರು. ತರುವ ಮುಂಚೆಯೇ ಅದಕ್ಕೆ "ಚಿಗುರು" ಎಂದು ಹೆಸರಿಟ್ಟಾಗಿತ್ತು. ನಾನು ಅಂಗಡಿಗೆ ಹೋಗಿ, "ನಮಗೆ ಇದು ಮೊದಲ ಸಲ, ಏನೇನು ಬೇಕು ನೀವೇ ಹೇಳಿ" ಎಂದೆ. ಟೋಪಿ ಹಾಕಿಸಿಕೊಳ್ಳಬೇಕು ಎಂದರೆ ಹೀಗೇ ಕೇಳಬೇಕು ನೋಡಿ.

"ಏನೂ ಯೋಚ್ನೆ ಮಾಡ್ಬೇಡಿ ಮೇಡಂ. ಫುಲ್ ಸೆಟ್ ಇದೆ. ರೆಡಿ ಟ್ಯಾಂಕ್. ಇವತ್ತೇ ಬಿಡ್ಬಹುದು."

ಸೆಟ್‌ನಲ್ಲಿ ಇದ್ದದ್ದು: 40 ಲೀಟರಿನ ಗಾಜಿನ ತೊಟ್ಟಿ, ತಳಕ್ಕೆ ಬಣ್ಣದ ಹರಳುಕಲ್ಲು, ಜೋರಾಗಿ ನೀರು ಚಿಮ್ಮುವ ಫಿಲ್ಟರ್, ನೀಲಿ ಲೈಟ್, ಹೀಟರ್, ಮತ್ತು "ಬ್ಯಾಕ್ಟೀರಿಯಾ" ಎಂದು ಒಂದು ಪುಟ್ಟ ಬಾಟಲಿ. ಜೊತೆಗೆ ನಾಲ್ಕು ಸಣ್ಣ ಮೀನು, ಫ್ರೀ. "ಒಂಟಿ ಅನ್ನಿಸ್ಬಾರದಲ್ವಾ ಮೇಡಂ."

ನಾನು ಏನೂ ಕೇಳಲಿಲ್ಲ ಎಂದುಕೊಳ್ಳಬೇಡಿ. ಕೇಳಿದೆ. ಒಂದೊಂದಕ್ಕೂ ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

ತೊಟ್ಟಿ ಚಿಕ್ಕದಾಗುವುದಿಲ್ಲವೇ ಎಂದೆ. "ತೊಟ್ಟಿ ಎಷ್ಟೋ ಪ್ರಾಣಿ ಅಷ್ಟೇ ಬೆಳೆಯೋದು." ಶುದ್ಧ ಸುಳ್ಳು. ನಾವು ತಂದಾಗ 9 ಸೆಂಟಿಮೀಟರ್ ಇದ್ದದ್ದು ಬೆಳೆದರೆ 25 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಒಂದಕ್ಕೇ ಕನಿಷ್ಠ 75 ಲೀಟರ್ ಬೇಕು. ಇನ್ನೂ ದೊಡ್ಡದಿದ್ದರೆ ಒಳ್ಳೆಯದು.

ಲೈಟ್ ಕಣ್ಣಿಗೆ ಚುಚ್ಚುವುದಿಲ್ಲವೇ ಎಂದೆ. "ಕತ್ತಲಲ್ಲಿ ಇಟ್ರೆ ನೋಡೋದೇನು ಮೇಡಂ?" ಅದಕ್ಕೆ ಕಣ್ಣುರೆಪ್ಪೆಯೇ ಇಲ್ಲ. ಬೇಡವೆಂದರೂ ಕಣ್ಣು ಮುಚ್ಚಲಾರದ ಪ್ರಾಣಿಯ ನೆತ್ತಿಯ ಮೇಲೆ ನೀಲಿ ದೀಪ.

ಹೀಟರ್ ಯಾಕೆ ಎಂದೆ. ಇದಕ್ಕೆ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಇದು ಮೆಕ್ಸಿಕೋದ್ದು ಮೇಡಂ. ಬಿಸಿಲಿನ ದೇಶ. ಹೀಟರ್ ಇಲ್ಲ ಅಂದ್ರೆ ಎರಡೇ ದಿನ." ಮೆಕ್ಸಿಕೋ ಎನ್ನುವುದು ನಿಜ. ಸುಳ್ಳಿಗೆ ಒಂದು ಚೂರು ನಿಜ ಸವರಿ ಕೊಡುವುದು ಹೀಗೆ. ಇದರ ತವರು ಮೆಕ್ಸಿಕೋ ಸಿಟಿಯ ಸೊಚಿಮಿಲ್ಕೊ ಕೆರೆ. ಆ ಊರು ಇರುವುದು ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರದಲ್ಲಿ. ಅಲ್ಲಿನ ನೀರು ತಣ್ಣಗಿರುತ್ತದೆ. ಈ ಪ್ರಾಣಿಗೆ ಹಿತವಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್. 22 ದಾಟಿದರೆ ತೊಂದರೆ ಶುರು. ನಾನು ಅವರ ಮಾತು ಕೇಳಿ ಹೀಟರನ್ನು 26ಕ್ಕೆ ಇಟ್ಟಿದ್ದೆ. ತಂಪು ಬೇಡುವ ಜೀವಕ್ಕೆ ದುಡ್ಡು ಕೊಟ್ಟು ಬಿಸಿ ಮುಟ್ಟಿಸಿದೆ.

ಈಗ ನೀರು ಪರೀಕ್ಷಿಸುವ ಕಾಗದದ ಪಟ್ಟಿಯ ವಿಷಯ. ನಾನು ನಿಜವಾಗಿ ಮೂರ್ಖಳಾದದ್ದು ಅಲ್ಲಿ.

ಟ್ಯಾಂಕ್ ಜೋಡಿಸಲು ಅವರೇ ಮನೆಗೆ ಬಂದರು. ನಲ್ಲಿ ನೀರು ತುಂಬಿಸಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದರು (ಅದೊಂದು ಸರಿ ಮಾಡಿದರು, ಹೇಳಲೇಬೇಕು). ಬ್ಯಾಕ್ಟೀರಿಯಾ ಬಾಟಲಿಯಿಂದ ಒಂದು ಮುಚ್ಚಳ ಸುರಿದರು. ಒಂದು ಗಂಟೆ ಬಿಟ್ಟು ಜೇಬಿನಿಂದ ಪರೀಕ್ಷೆಯ ಕಾಗದದ ಪಟ್ಟಿ ತೆಗೆದು ನೀರಿನಲ್ಲಿ ಅದ್ದಿದರು. ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿದು, ಮಾರ್ಕ್ಸ್ ಕಾರ್ಡ್ ಓದುವ ಹಾಗೆ ಓದಿದರು. "ಪಿಎಚ್ ಸರಿ. ನೈಟ್ರೈಟ್ ಸೊನ್ನೆ. ನೈಟ್ರೇಟ್ ಸೊನ್ನೆ. ಎಲ್ಲಾ ಸೊನ್ನೆ ಮೇಡಂ! ಇಷ್ಟು ಕ್ಲೀನ್ ನೀರು ನಮ್ಮ ಅಂಗಡೀಲೂ ಇಲ್ಲ."

ನನಗೆ ಎಷ್ಟು ಹೆಮ್ಮೆ! ಆ ಪಟ್ಟಿಯ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. "ವೈಜ್ಞಾನಿಕವಾಗಿ ಪರೀಕ್ಷೆ ಮಾಡಿಯೇ ಬಿಟ್ಟೆವು" ಎಂದು ಬರೆದೆ. ಅಕ್ಕ ಚಪ್ಪಾಳೆಯ ಚಿತ್ರ ಕಳಿಸಿದಳು. ಆ ಫೋಟೊ ಇನ್ನೂ ಫೋನಿನಲ್ಲಿದೆ. ಅಳಿಸಿಲ್ಲ. ನನಗೆ ಬುದ್ಧಿ ಬರಲಿ ಎಂದು ಇಟ್ಟಿದ್ದೇನೆ.

ಮೊದಲ ದಿನ ಚಿಗುರು ಮೂಲೆಗೆ ಹೋಗಿ ಕೂತಿತು. ಎರಡನೇ ದಿನ ಕಿವಿರುಗಳು ಮುಂದಕ್ಕೆ ಬಾಗಿದವು. ಫೋನ್ ಮಾಡಿದೆ. "ಹೊಸ ಮನೆ ಮೇಡಂ, ಹೊಂದ್ಕೊಳ್ತಾ ಇದೆ." ಮೂರನೇ ದಿನ ಬಾಲದ ತುದಿ ಕೊಕ್ಕೆಯ ಹಾಗೆ ಸುರುಳಿಯಾಯಿತು, ಆಹಾರ ಮುಟ್ಟಲಿಲ್ಲ. ವಿಡಿಯೋ ಕಳಿಸಿದೆ. "ಆಟ ಆಡ್ತಾ ಇದೆ ಮೇಡಂ." ಆಟವಂತೆ! ಕಿವಿರು ಮುಂದಕ್ಕೆ ಬಾಗುವುದು, ಬಾಲದ ತುದಿ ಮಡಚುವುದು, ಎರಡೂ ಅದು ಸಂಕಟದಲ್ಲಿದೆ ಎನ್ನುವ ಗುರುತು. ನೀರಿನ ಸೆಳೆತ ಜೋರಾಗಿದ್ದರೂ ಹೀಗಾಗುತ್ತದೆ, ನೀರು ಕೆಟ್ಟಿದ್ದರೂ ಹೀಗಾಗುತ್ತದೆ. ನಮ್ಮಲ್ಲಿ ಎರಡೂ ಇತ್ತು. ಮೇಲೆ ಬಿಸಿ ಬೇರೆ. ಆ ಫ್ರೀ ಮೀನುಗಳು ಹುಳು ಎಂದುಕೊಂಡು ಕಿವಿರಿನ ಎಳೆಗಳನ್ನು ಕಚ್ಚುತ್ತಿದ್ದವು. ಮಗಳು ನೋಡಿ, "ಅಮ್ಮಾ, ಮೀನು ಚಿಗುರುಗೆ ಮುತ್ತು ಕೊಡ್ತಿದೆ" ಎಂದಳು. ನಾನೂ ನಕ್ಕೆ.

ನಾಲ್ಕನೇ ದಿನ ನೀರು ಮಬ್ಬಾಯಿತು. "ಒಳ್ಳೇದೇ ಮೇಡಂ, ಬ್ಯಾಕ್ಟೀರಿಯಾ ಬೆಳೀತಿದೆ ಅಂತ ಅರ್ಥ."

ಅಂದು ಸಂಜೆ ನಮ್ಮ ಆಫೀಸಿನ ಹಿರಿಯರೊಬ್ಬರು ಮನೆಗೆ ಬಂದರು. ಇಪ್ಪತ್ತು ವರ್ಷದಿಂದ ಮೀನು ಸಾಕುತ್ತಿರುವವರು. ತೊಟ್ಟಿ ನೋಡಿ, "ಎಷ್ಟು ದಿನ ಸೈಕಲ್ ಮಾಡಿದಿರಿ?" ಎಂದರು. ನಾನು, "ಸೈಕಲ್ಲಾ ಸಾರ್?" ಎಂದೆ. ಅವರು ಏನೂ ಹೇಳಲಿಲ್ಲ. ಸಮರ್ಥನೆಗೆ ಎಂದು ನಾನೇ ಆ ಪಟ್ಟಿಯ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ದೊಡ್ಡದು ಮಾಡಿ ಮತ್ತೆ ನೋಡಿದರು.

"ಇದರಲ್ಲಿ ಅಮೋನಿಯಾದ ಚೌಕವೇ ಇಲ್ಲವಲ್ಲಮ್ಮ."

ನೋಡಿದೆ. ಇರಲಿಲ್ಲ. ಪಟ್ಟಿಯಲ್ಲಿ ಅಮೋನಿಯಾ ಅಳೆಯುವ ಚೌಕವೇ ಇರಲಿಲ್ಲ. ಅಳೆಯಬೇಕಾದ ಮೊದಲ ವಿಷವನ್ನೇ ಅಳೆಯದ ಪಟ್ಟಿ ಅದು. ಅಂಥವು ಅಂಗಡಿಗಳಲ್ಲಿ ಬೇಕಾದಷ್ಟು ಇವೆಯಂತೆ.

"ಆದರೆ ನೈಟ್ರೇಟ್ ಸೊನ್ನೆ ಇದೆಯಲ್ಲ ಸಾರ್, ನೀರು ಕ್ಲೀನ್ ಅಲ್ವಾ?" ಎಂದೆ. ಆಗ ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಪ್ರಾಣಿಯ ಮಲಮೂತ್ರದಿಂದ, ತಿಂದು ಬಿಟ್ಟ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಅದು ಚರ್ಮವನ್ನೂ ಕಿವಿರನ್ನೂ ಸುಡುತ್ತದೆ. ಫಿಲ್ಟರಿನಲ್ಲಿ ನೆಲೆಯೂರಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಡುಕಲ್ಲ, ಆಗಾಗ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಅದಕ್ಕೇ ಸೈಕಲ್ ಎನ್ನುವುದು. ಅಂದರೆ ಸಿದ್ಧವಾದ ಟ್ಯಾಂಕಿನಲ್ಲಿ ನೈಟ್ರೇಟ್ ಕಾಣಿಸಲೇಬೇಕು. ಸೊನ್ನೆ ಎಂದರೆ ಒಳಗೆ ಕೆಲಸವೇ ಶುರುವಾಗಿಲ್ಲ ಎಂದರ್ಥ.

ನನಗೆ ತೋರಿಸಿ ಹೊಗಳಿದ ಆ ಸೊನ್ನೆಯೇ ಟ್ಯಾಂಕ್ ರೆಡಿ ಇಲ್ಲ ಎನ್ನುವುದಕ್ಕೆ ಸಾಕ್ಷಿ! ಕಣ್ಣೆದುರಿಗೇ ಹಿಡಿದಿದ್ದರು. ನಾನು ಫೋಟೊ ತೆಗೆದುಕೊಂಡೆ. ಗ್ರೂಪಿಗೆ ಹಾಕಿದೆ. ಚಪ್ಪಾಳೆ ಬೇರೆ.

ಹಿರಿಯರು ಮನೆಗೆ ಹೋಗಿ ತಮ್ಮ ಕಿಟ್ ತಂದರು. ಗಾಜಿನ ಕೊಳವೆಗೆ ನಮ್ಮ ನೀರು, ಎರಡು ಬಾಟಲಿಯಿಂದ ಹನಿಗಳು, ಅಲ್ಲಾಡಿಸಿ 5 ನಿಮಿಷ. ಹಳದಿ ಉಳಿದರೆ ಅಮೋನಿಯಾ ಇಲ್ಲ. ಎರಡನೇ ನಿಮಿಷಕ್ಕೇ ಹಸಿರು ತಿರುಗಿತು. 2 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 2 ಭಾಗ. ಇರಬೇಕಾದದ್ದು ಸೊನ್ನೆ. ಪಿಎಚ್ ಜಾಸ್ತಿಯಿದ್ದು (ಅಂದರೆ ನೀರು ಹೆಚ್ಚು ಕ್ಷಾರೀಯವಾಗಿದ್ದು) ನೀರೂ ಬೆಚ್ಚಗಿದ್ದರೆ ಅಷ್ಟೇ ಅಮೋನಿಯಾ ಇನ್ನೂ ಕಟುವಾಗುತ್ತದಂತೆ. ಬೆಚ್ಚಗೆ ಮಾಡಿದ್ದು ನಾನೇ ಅಲ್ವಾ.

ಇಲ್ಲಿಯವರೆಗೆ ಅಂಗಡಿಯವರನ್ನು "ಅವರು, ಇವರು" ಎಂದು ಬರೆದೆ. ಇನ್ನು ಮೇಲೆ ನನ್ನ ಕೈಲಾಗುವುದಿಲ್ಲ.

ಆ ರಾತ್ರಿಯೇ ಮೆಸೇಜ್ ಮಾಡಿದೆ. ಆತನ ಉತ್ತರಗಳು, ಬಂದ ಸಾಲಿನಲ್ಲೇ:

"ಜಾಸ್ತಿ ಫುಡ್ ಹಾಕಿದೀರ ಅನ್ಸುತ್ತೆ."

ಎರಡು ದಿನದಿಂದ ತಿಂದೇ ಇಲ್ಲ ಎಂದೆ.

"ನಿಮ್ಮ ಕಿಟ್ ಹಳೇದಿರ್ಬೇಕು."

ನಲ್ಲಿ ನೀರಿಗೂ ಅದೇ ಕಿಟ್‌ನಲ್ಲಿ ಪರೀಕ್ಷೆ ಮಾಡಿ, ಹಳದಿ ಬಂದದ್ದರ ಫೋಟೊ ಕಳಿಸಿದೆ.

"ನೆಟ್ ನೋಡಿ ಗಾಬ್ರಿ ಆಗ್ಬೇಡಿ ಮೇಡಂ. ನೂರಾರು ಜನ ತಗೊಂಡು ಹೋಗಿದಾರೆ, ಒಬ್ರೂ ಕಂಪ್ಲೇಂಟ್ ಮಾಡಿಲ್ಲ."

ಮಾಡಿಲ್ಲವಂತೆ. ನಾನೇ ಮೂರು ತಿಂಗಳು ಬಾಯಿ ಬಿಟ್ಟಿಲ್ಲ, ಉಳಿದವರ ಕಥೆ ಯಾರಿಗೆ ಗೊತ್ತು?

ಕೊನೆಗೆ ನೇರವಾಗಿ ಫೋನ್ ಮಾಡಿ ಕೇಳಿದೆ. ಆ ಪಟ್ಟಿಯಲ್ಲಿ ಅಮೋನಿಯಾ ತೋರಿಸುವುದಿಲ್ಲ ಎಂದು ನಿಮಗೆ ಗೊತ್ತಿತ್ತಾ, ಇಲ್ಲವಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ನಕ್ಕ. "ಎರಡು ತಿಂಗ್ಳು ಖಾಲಿ ಟ್ಯಾಂಕ್ ಇಟ್ಕೊಂಡು ಕಾಯಿರಿ ಅಂದ್ರೆ ಯಾರು ತಗೋತಾರೆ ಮೇಡಂ?"

ಅಂದರೆ ಗೊತ್ತಿತ್ತು. ಎಲ್ಲಾ ಗೊತ್ತಿತ್ತು. ತಿಳಿಯದೆ ತಪ್ಪು ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಸಾಮಾನು ವಾಪಸ್ ತಗೊಳ್ಳಿ ಎಂದೆ. "ನೀರಿಗೆ ಹಾಕಿದ್ದು ವಾಪಸ್ ಇಲ್ಲ. ಜೀವಕ್ಕೆ ಗ್ಯಾರಂಟಿ ಇಲ್ಲ. ಬಿಲ್ ಹಿಂದೆ ಬರ್ದಿದೆ ನೋಡಿ." ತಿರುಗಿಸಿ ನೋಡಿದೆ. ಬರೆದಿತ್ತು.

ಹಿರಿಯರು ಹೇಳಿದಂತೆ ಚಿಗುರನ್ನು ಅದೇ ರಾತ್ರಿ ಹೊಸ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದೆವು. ಕ್ಲೋರಿನ್ ತೆಗೆದ ತಂಪು ನೀರು. ದಿನವೂ ಪೂರ್ತಿ ಬದಲು, ಹೊಸ ನೀರು ಹಳೆಯದರಷ್ಟೇ ತಂಪಿರಬೇಕು. ಡಬ್ಬದ ಮೇಲೆ ಬಟ್ಟೆ, ಕತ್ತಲಿರಲಿ ಎಂದು. ಮಗಳು ಶಾಲೆಯಿಂದ ಬಂದದ್ದೇ ಡಬ್ಬದ ಪಕ್ಕ ಕೂರುತ್ತಿದ್ದಳು. ಒಮ್ಮೆ ಕೇಳಿದಳು, "ನೀನು ಪರೀಕ್ಷೆ ಮಾಡಿದ್ದೆ ಅಲ್ವಾ ಅಮ್ಮಾ?" ಇದಕ್ಕೆ ಏನು ಹೇಳಲಿ.

ಆರನೇ ದಿನ ಡಬ್ಬದ ತಳದಲ್ಲಿ, ಮಲದ ಜೊತೆ, ಒಂದು ಹಸಿರು ಹರಳುಕಲ್ಲು ಸಿಕ್ಕಿತು. ಅದರ ಕಣ್ಣಿಗಿಂತ ದೊಡ್ಡದು. ಆಕ್ಸೊಲಾಟಲ್ ಕಚ್ಚಿ ತಿನ್ನುವುದಿಲ್ಲ. ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಕಲ್ಲಿದ್ದರೆ ಕಲ್ಲೂ ಒಳಗೆ. ಅದು ಕರುಳಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನಮ್ಮದು ಹೊರಗೆ ಬಂತು, ಅದೃಷ್ಟ, ಅಷ್ಟೇ. ಮರಿಗೆ ಬರಿ ಗಾಜಿನ ತಳವೇ ಸಾಕು. ದೊಡ್ಡದಾದ ಮೇಲೆ ಬೇಕಾದರೆ ತೀರಾ ನುಣ್ಣನೆಯ ಮರಳು ಹಾಕಬಹುದು.

ಆಮೇಲೆ ಹೊಸ ದೊಡ್ಡ ತೊಟ್ಟಿ, ಏರ್ ಪಂಪಿನಿಂದ ಮೆಲ್ಲಗೆ ನಡೆಯುವ ಸ್ಪಂಜ್ ಫಿಲ್ಟರ್. ಪ್ರಾಣಿ ಇಲ್ಲದೆಯೇ ಏಳು ವಾರ ನಡೆಸಿದೆವು. ಬ್ಯಾಕ್ಟೀರಿಯಾಗೆ ಆಹಾರವಾಗಲಿ ಎಂದು 2 ಪಿಪಿಎಂ ಬರುವಷ್ಟು ಅಮೋನಿಯಾವನ್ನು ನಾವೇ ಹಾಕುವುದು, ದಿನಾ ಅಳೆಯುವುದು. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಯಾಗಬೇಕು, ನೈಟ್ರೈಟೂ ಸೊನ್ನೆಯಾಗಬೇಕು, ನೈಟ್ರೇಟ್ ಏರಿರಬೇಕು. ಒಂದು ದಿನವಲ್ಲ, ದಿನದಿನವೂ ಹೀಗೇ ಬಂದ ಮೇಲೆ ಬಹುಪಾಲು ನೀರು ಬದಲಿಸಿ, ನೈಟ್ರೇಟ್ 20 ಪಿಪಿಎಂಗಿಂತ ಕೆಳಗಿಳಿಸಿ, ಆಮೇಲೆ ಪ್ರಾಣಿ. ಬಾಟಲಿಯ ಬ್ಯಾಕ್ಟೀರಿಯಾ ಎಲ್ಲವೂ ಮೋಸ ಎನ್ನುವುದಿಲ್ಲ. ಕೆಲವು ಈ ಕಾಯುವಿಕೆಯನ್ನು ಸ್ವಲ್ಪ ಕಡಿಮೆ ಮಾಡುತ್ತವೆ. ಆದರೆ ಒಂದು ಮುಚ್ಚಳಕ್ಕೆ, ಒಂದು ಗಂಟೆಗೆ? ನಾನು ನಂಬಿದೆನಲ್ಲ!

ತಂಪಿಗೆ ಮೊದಲು ನೀರಿನ ಮೇಲೆ ಗಾಳಿ ಬೀಸುವ ಫ್ಯಾನ್ ಇಟ್ಟೆವು. ಎರಡು ಮೂರು ಡಿಗ್ರಿ ಇಳಿಯಿತು, ಸಾಲಲಿಲ್ಲ. ಕೊನೆಗೆ ನೀರು ತಣ್ಣಗಾಗಿಸುವ ಯಂತ್ರ, ಚಿಲ್ಲರ್, ಕೊಂಡೆವು. ಪ್ರಾಣಿಗಿಂತ ಅದು ಎಷ್ಟೋ ದುಬಾರಿ. ಇದನ್ನು ಮೊದಲೇ ಹೇಳಿದ್ದರೆ ನಾನು ತರುತ್ತಲೇ ಇರಲಿಲ್ಲವೇನೋ. ಅದಕ್ಕೇ ಹೇಳಲಿಲ್ಲ ಆತ.

ನೀವು ತರುವವರಿದ್ದರೆ ಮೊದಲು ಟ್ಯಾಂಕ್ ತನ್ನಿ, ಎರಡು ತಿಂಗಳ ನಂತರ ಪ್ರಾಣಿ ತನ್ನಿ. ಎರಡನ್ನೂ ಒಂದೇ ದಿನ ಮಾರುವವರ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ಅಮೋನಿಯಾ ಅಳೆಯುವ ದ್ರವದ ಕಿಟ್ ನಿಮ್ಮದೇ ಇರಲಿ, ಮಾರುವವರ ಜೇಬಿನದ್ದಲ್ಲ. ಬಿಲ್ಲಿನ ಹಿಂಬದಿಯನ್ನು ದುಡ್ಡು ಕೊಡುವ ಮುಂಚೆ ಓದಿ. "ಫ್ರೀ" ಎಂದ ಮೀನನ್ನು ಅಲ್ಲೇ ಬಿಟ್ಟು ಬನ್ನಿ. ನೂರಾರು ಜನ ಕೊಂಡಿದ್ದಾರೆ ಎಂದರೆ ಅದರಲ್ಲಿ ಒಬ್ಬರ ಟ್ಯಾಂಕನ್ನಾದರೂ ಒಂದು ವರ್ಷದ ನಂತರ ತೋರಿಸಿ ಎಂದು ಕೇಳಿ. ಇನ್ನೂ ಇದೆ, ಬರೆಯುತ್ತಾ ಹೋದರೆ ಸಿಟ್ಟೇ ಬರುತ್ತದೆ, ಸಾಕು.

ಚಿಗುರು ಬದುಕಿದೆ. ಎಡಗಡೆಯ ಕಿವಿರಿನ ಎಳೆಗಳು ಅರ್ಧ ಉದುರಿದ್ದವು, ಈಗ ಸಣ್ಣಗೆ ಮತ್ತೆ ಬರುತ್ತಿವೆ. ಕಳೆದ ವಾರದಿಂದ ಎರೆಹುಳು ತಿನ್ನುತ್ತಿದೆ. ಮನೆಗೆ ಬಂದವರಿಗೆಲ್ಲ ಮಗಳು ತೊಟ್ಟಿ ತೋರಿಸಿ "ನೈಟ್ರೇಟ್ 10 ಇದೆ, ಸೊನ್ನೆ ಅಲ್ಲ" ಎನ್ನುತ್ತಾಳೆ, ನನ್ನ ಮುಖ ನೋಡಿಕೊಂಡೇ.

ಬಣ್ಣದ ಕಲ್ಲು ಹೂಕುಂಡಕ್ಕೆ ಹೋಯಿತು. ಮೀನುಗಳನ್ನು ಹಿರಿಯರು ತೆಗೆದುಕೊಂಡು ಹೋದರು. ಹೀಟರ್ ಮಾತ್ರ ಹಾಗೇ ಬಿದ್ದಿದೆ. ಬಿಸಿನೀರಿನ ಮೀನು ಸಾಕುವವರು ಯಾರಾದರೂ ಇದ್ದರೆ ಹೇಳಿ, ಸುಮ್ನೆ ಕೊಡುತ್ತೇನೆ.