ಸೆಂಟ್ರಲ್ ಲಾಕ್ ಕೈಕೊಟ್ಟರೆ: ಹೊಸ ಕಿಟ್ಟಾ, ಹಳೇದಕ್ಕೇ ರಿಪೇರಿನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ರಿಪೇರಿಗೆ. ನನ್ನದೂ ತಮ್ಮನದೂ ಒಂದೇ ಮಾಡೆಲ್ ಕಾರು, ಎರಡೂ ಸೆಕೆಂಡ್ ಹ್ಯಾಂಡ್. ಎರಡರಲ್ಲೂ ಎಲ್ಲಾ ಬಾಗಿಲನ್ನು ಒಟ್ಟಿಗೇ ಹಾಕಿ ತೆಗೆಯೋ ಸೆಂಟ್ರಲ್ ಲಾಕಿಗೆ ಒಂದೇ ಕಾಯಿಲೆ ಬಂತು. ಅವನು ಅಲಾರಂ ಇರೋ ಹೊಸ ಲಾಕ್ ಕಿಟ್ ಹಾಕಿಸಿದ. ನಾನು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅದಕ್ಕೂ ಮುಂಚೆ ಒಂದು ಶೋರೂಮಿನಲ್ಲಿ ಕೇಳಿದ್ದೆ. ಬಾಗಿಲು ಬಿಚ್ಚಿಯೂ ನೋಡದೆ ಲಾಕ್ ಅಸೆಂಬ್ಲಿ ಪೂರ್ತಿ ಬದಲಾಯಿಸಬೇಕು ಅಂದರು, ಲೆಕ್ಕ 4,000 ದಾಟಿತು. ಅದು ಅಲ್ಲಿಗೇ ಮುಗೀತು.

ಕಾಯಿಲೆ ಏನಂದರೆ, ರಿಮೋಟ್ ಒತ್ತಿದರೆ ಬಾಗಿಲುಗಳು ಟಕ್ ಅಂತ ಲಾಕ್ ಆಗಿ, ತಕ್ಷಣ ಮತ್ತೆ ಟಕ್ ಅಂತ ತೆರೆದುಕೊಳ್ಳುತ್ತಿದ್ದವು. ಇಂಡಿಕೇಟರ್ ಮಿಣುಕುತ್ತಿರಲಿಲ್ಲ. ಎಲ್ಲರೂ ಹೇಳಿದ್ದು ಸೆಲ್ ಬದಲಾಯಿಸು ಅಂತ. ಆದರೆ ರಿಮೋಟಿನ ಸೆಲ್ ವೀಕ್ ಆದರೆ ಕಾರಿನ ಹತ್ತಿರ ಹೋಗಿ ಒತ್ತಬೇಕಾಗುತ್ತದೆ ಅಷ್ಟೇ, ಹೀಗೆ ಆಟ ಆಡಿಸೋದಿಲ್ಲ. ಒಂದು ಸಲ ಲಾಕ್ ಆಯ್ತು ಅಂದಮೇಲೆ ಸಿಗ್ನಲ್ ತಲುಪಿದೆ ಅಲ್ವಾ? ಬಾಗಿಲು ಹಾಕಿದಾಗ ಒಳಗಿನ ಲೈಟ್ ಸರಿಯಾಗಿ ಆರುತ್ತಿತ್ತು, ಹಾಗಾಗಿ ಬಾಗಿಲು ತೆರೆದಿದೆ ಅನ್ನೋ ಗೊಂದಲವೂ ಅಲ್ಲ. ಉಳಿದದ್ದು ಒಂದೇ: ಡ್ರೈವರ್ ಬಾಗಿಲು ಲಾಕ್ ಆಯ್ತು ಅನ್ನೋ ಸುದ್ದಿ ಲಾಕನ್ನು ನಡೆಸೋ ಯೂನಿಟ್ಟಿಗೆ ವಾಪಸ್ ಬರುತ್ತಿಲ್ಲ, ಲಾಕ್ ಆಗಿಲ್ಲ ಅಂದುಕೊಂಡು ಅದು ಮತ್ತೆ ತೆರೆಯುತ್ತಿದೆ.

ಎಲೆಕ್ಟ್ರಿಷಿಯನ್ ಬಾಗಿಲಿಗೂ ಅದು ಕೂರೋ ಕಾರಿನ ಚೌಕಟ್ಟಿಗೂ ನಡುವಿನ ರಬ್ಬರ್ ಕೊಳವೆ ಎಳೆದು, ಒಂದೊಂದೇ ವೈರನ್ನು ಮೆಲ್ಲಗೆ ಜಗ್ಗಿ ನೋಡಿದರು. ಒಂದು ವೈರ್ ಮಾತ್ರ ರಬ್ಬರ್ ಬ್ಯಾಂಡ್ ತರ ಹಿಗ್ಗಿತು. ಮೇಲಿನ ಪ್ಲಾಸ್ಟಿಕ್ ಚೆನ್ನಾಗೇ ಇತ್ತು, ಒಳಗೆ ತಾಮ್ರ ತುಂಡಾಗಿತ್ತು. ಬಾಗಿಲು ತೆಗೆದು ಹಾಕಿದಾಗೆಲ್ಲ ಮಡಚೋ ಜಾಗ ಅದು, ಹಳೇ ಕಾರುಗಳಲ್ಲಿ ಅಲ್ಲೇ ಜಾಸ್ತಿ ಕಡಿಯೋದು. ಆ ತುಂಡನ್ನು ತೆಗೆದು, ಬಳುಕೋ ವೈರ್ ಸೇರಿಸಿ, ಮಡಚೋ ಜಾಗದಿಂದ ಆಚೆಗೆ ಬೆಸುಗೆ ಹಾಕಿ ಮೇಲೆ ಸ್ಲೀವ್ ಏರಿಸಿದರು. 400 ರೂಪಾಯಿ. ನಿಮಗೂ ಇದೇ ಕೆಲಸ ಆಗಬೇಕಿದ್ದರೆ, ಬರೀ ಟೇಪ್ ಸುತ್ತಿ ಕಳಿಸೋಕೆ ಬಿಡಬೇಡಿ.

ಇನ್ನು ತಮ್ಮನ ಕಿಟ್. ಸುಮಾರು 2,000ಕ್ಕೆ ಎರಡು ರಿಮೋಟು, ಸೈರನ್ನು, ನಾಲ್ಕು ಬಾಗಿಲಿಗೆ ಮೋಟರು. ರೇಂಜ್ ನನ್ನದಕ್ಕಿಂತ ಚೆನ್ನಾಗಿದೆ, ಸುಳ್ಳು ಹೇಳಬಾರದು. ಲಾರಿ ಪಕ್ಕದಲ್ಲಿ ಹೋದರೆ ಕೂಗುತ್ತಿತ್ತು, ಅಲುಗಾಟ ಹಿಡಿಯೋ ಸೆನ್ಸರಿನ ಸಣ್ಣ ತಿರುಪು ತಿರುಗಿಸಿ ಕಡಿಮೆ ಮಾಡಿಸಿದ.

ತಲೆ ಕೆಡಿಸಿದ್ದು ಬೇರೆ. ಇಂಥ ಕಿಟ್‌ಗಳಲ್ಲಿ, ರಿಮೋಟಿನಿಂದ ತೆಗೆದು ಅರ್ಧ ನಿಮಿಷದೊಳಗೆ ಯಾವ ಬಾಗಿಲನ್ನೂ ತೆರೆಯದಿದ್ದರೆ ತಾನಾಗೇ ಮತ್ತೆ ಲಾಕ್ ಆಗುತ್ತೆ. ಜೇಬಿನಲ್ಲಿ ಅಪ್ಪಿತಪ್ಪಿ ಬಟನ್ ಒತ್ತಿದರೆ ಕಾರು ತೆರೆದೇ ಉಳಿಯಬಾರದು ಅಂತ. ಒಳ್ಳೇದೇ. ಆದರೆ ಅವನಿಗೆ ಹಾಕಿಕೊಟ್ಟವರು ಡಿಕ್ಕಿ ತೆರೆದಿದೆ ಅಂತ ತಿಳಿಸೋ ಸ್ವಿಚ್ಚನ್ನು ಕಿಟ್ಟಿಗೆ ಜೋಡಿಸಿರಲಿಲ್ಲ. ಡಿಕ್ಕಿ ತೆರೆದರೂ ಕಿಟ್ಟಿನ ಲೆಕ್ಕದಲ್ಲಿ ಯಾರೂ ಏನೂ ತೆರೆದಿಲ್ಲ.

ತಮ್ಮನದು ಬಟ್ಟೆ ವ್ಯಾಪಾರ. ಚೌಕಿಪೇಟೆಯಲ್ಲಿ ರಿಮೋಟ್ ಒತ್ತಿ, ಡಿಕ್ಕಿ ತೆಗೆದು, ಕೀ ಗೊಂಚಲನ್ನು ಬಿಲ್ ಬುಕ್ಕಿನ ಜೊತೆ ಗಂಟಿನ ಮೇಲೆ ಇಟ್ಟ. ಉಳಿದ ಗಂಟು ತುಂಬಿ ಡಿಕ್ಕಿ ಹಾಕುವಷ್ಟರಲ್ಲಿ ಬಾಗಿಲೆಲ್ಲಾ ಲಾಕ್. ಇನ್ನೊಂದು ಕೀ ಹರಿಹರದ ಮನೆಯಲ್ಲಿ. ಅದನ್ನು ತರಿಸಿ ಡ್ರೈವರ್ ಬಾಗಿಲು ತೆಗೆದನೋ ಇಲ್ಲವೋ, ಸೈರನ್ ಶುರು! ಕೀಯಿಂದ ತೆಗೆದರೆ ಕಿಟ್ಟಿಗೆ ಅದು ಕಳ್ಳತನ, ಸುಮ್ಮನಾಗಿಸೋ ರಿಮೋಟು ಡಿಕ್ಕಿಯೊಳಗೆ. ಹಿಂದಕ್ಕೆ ಓಡಿ, ಡಿಕ್ಕಿ ತೆಗೆದು, ಗಂಟು ಸರಿಸಿ ರಿಮೋಟ್ ಹುಡುಕೋವರೆಗೂ ಪೇಟೆಯೆಲ್ಲಾ ಅವನನ್ನೇ ನೋಡುತ್ತಿತ್ತು.

ವೈರ್ ಕತ್ತರಿಸಿ ಕಿಟ್ ಹಾಕಿದರೆ ವಾರಂಟಿಗೆ ತೊಂದರೆ ಆಗಬಹುದು. ನಮ್ಮ ಹಳೇ ಕಾರುಗಳಿಗೆ ಆ ಚಿಂತೆ ಇಲ್ಲ.

ಸೆಂಟ್ರಲ್ ಲಾಕೇ ಇಲ್ಲದ ಕಾರಾದರೆ ಕಿಟ್ ಹಾಕಿಸಿ, ಬೇಡ ಅನ್ನಲ್ಲ. ರಾತ್ರಿ ರಸ್ತೆಯಲ್ಲೇ ನಿಲ್ಲಿಸೋರಿಗೆ ಸೈರನ್ನೂ ಬೇಕಾಗಬಹುದು. ನನ್ನ ಕಾರು ಕಾಂಪೌಂಡಿನೊಳಗೆ ನಿಲ್ಲುತ್ತೆ, ಕೀಯಲ್ಲಿ ಇಮ್ಮೊಬಿಲೈಸರ್ ಚಿಪ್ ಮೊದಲೇ ಇದೆ, ಬೇರೆ ಕೀ ಹಾಕಿದರೆ ಎಂಜಿನ್ ಸ್ಟಾರ್ಟ್ ಆಗಲ್ಲ. 400ರಲ್ಲಿ ಮುಗಿದ ಕೆಲಸಕ್ಕೆ 2,000 ಯಾಕೆ ಹಾಕಲಿ? ತಮ್ಮ ಮಾತ್ರ ಕಿಟ್ ಬಿಚ್ಚಿಸೋಕೆ ಒಪ್ಪುತ್ತಿಲ್ಲ. ಡಿಕ್ಕಿ ಸ್ವಿಚ್ಚಿನ ವೈರನ್ನಾದರೂ ಅದಕ್ಕೆ ಕೊಡಿಸು ಅಂದಿದ್ದೇನೆ.